ಬಿಬಿಸಿ ಮೈಕ್ರೋ ಶುರುವಾಗದಿದ್ದರೆ: ಸ್ವಿಚ್ ಒತ್ತುವ ಮುನ್ನ, ಒತ್ತಿದ ಮೇಲೆ

ಅಟ್ಟದಿಂದ ಇಳಿಸಿದ ಬಿಬಿಸಿ ಮೈಕ್ರೋ ಎಂಬ ಹಳೆಯ ಗಣಕವನ್ನು ಬಟ್ಟೆಯಲ್ಲಿ ಒರೆಸಿ, ಪ್ಲಗ್ ಸಿಕ್ಕಿಸಿ, ಏನಾಗುತ್ತದೋ ನೋಡೋಣ ಎಂದು ಸ್ವಿಚ್ ಒತ್ತುವುದು ಎಲ್ಲರೂ ಮಾಡುವ ಕೆಲಸ. ಮಾಡಬಾರದ ಕೆಲಸವೂ ಅದೇ. ಈ ವಯಸ್ಸಿನ ಯಂತ್ರಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಪವರ್ ಸಪ್ಲೈಯನ್ನು, ಅದರ ನಂತರ ಚಿಪ್ಪುಗಳ ಕಾಲು ಸಾಕೆಟ್ಟಿಗೆ ತಾಗುವ ಜಾಗವನ್ನು. ಚಿಪ್ಪೇ ಹೋಗಿದೆ ಎಂಬ ತೀರ್ಮಾನ ಇವೆರಡೂ ನಿರ್ದೋಷಿ ಎಂದು ಖಚಿತವಾದ ಮೇಲಷ್ಟೇ ಬರಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದವರು ಚೆನ್ನಾಗಿದ್ದ ಚಿಪ್ಪನ್ನು ಕಿತ್ತು, ಹೊಸದಕ್ಕೆ ಹಣ ಸುರಿದು, ಕೊನೆಗೆ ಸಡಿಲವಾದ ಒಂದು ತಂತಿಯನ್ನು ಒತ್ತಿ ಕೂರಿಸಿ ಯಂತ್ರವನ್ನು ಬದುಕಿಸಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ.

ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಕೊನೆಯಲ್ಲಿ ಹೊರತಂದ ಈ ಗಣಕ ನಮ್ಮ ಕಡೆಗೆ ಬಂದ ದಾರಿ ಎರಡು. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಶಾಲೆಗಳಲ್ಲಿ ಗಣಕ ಕಲಿಸುವ ‘ಕ್ಲಾಸ್’ ಯೋಜನೆಯಲ್ಲಿ ದೇಶದ ಆಯ್ದ ಶಾಲೆಗಳಿಗೆ ಕೊಟ್ಟದ್ದು ಇದನ್ನೇ. ಇದರ ಭಾರತೀಯ ಅವತರಣಿಕೆಯನ್ನು ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆಯು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ತಂದಿತ್ತು. ಶಾಲೆಯ ಹಳೆಯ ಸಾಮಾನಿನ ವಿಲೇವಾರಿಯಲ್ಲಿ ಮನೆ ಸೇರಿದವು ಒಂದು ಬಗೆಯಾದರೆ, ಇಂಗ್ಲೆಂಡಿನಲ್ಲಿದ್ದ ನೆಂಟರು ಮರಳುವಾಗ ತಂದವು ಇನ್ನೊಂದು ಬಗೆ. ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆಯ ಹಳೆಯ ಮನೆಗಳನ್ನು ಖಾಲಿ ಮಾಡುವಾಗ ಇಂಥದ್ದೊಂದು ಸಿಕ್ಕರೆ ಆಶ್ಚರ್ಯವಿಲ್ಲ. ಮುಂದಿನ ಮಾತುಗಳೆಲ್ಲ 32 ಕಿಲೋಬೈಟ್ ಸ್ಮೃತಿಯ ‘ಮಾಡೆಲ್ ಬಿ’ಯನ್ನು ಕುರಿತವು, ಯೂನಿಕಾರ್ನ್ ಇಟ್ಟುಕೊಂಡವರು ತಮ್ಮ ಬೋರ್ಡಿನ ಮೇಲೆ ಅಚ್ಚಾಗಿರುವ ಸಂಖ್ಯೆಗಳನ್ನು ಒಮ್ಮೆ ತಾಳೆ ನೋಡಿಕೊಳ್ಳುವುದು ಒಳಿತು.

ಪ್ಲಗ್ ಹಾಕುವ ಮುನ್ನ

ಮೊದಲು ಹೊರಗಿನ ವಯರನ್ನೇ ನೋಡಿ. ಇಂಗ್ಲೆಂಡಿನ ಚೌಕ ಪಿನ್ನಿನ ಪ್ಲಗ್ಗಿನೊಳಗೆ ಒಂದು ಫ್ಯೂಸ್ ಇರುತ್ತದೆ. ನಮ್ಮ ಗೋಡೆಯ ಸಾಕೆಟ್ಟಿಗೆ ಹೊಂದಲೆಂದು ಯಾರೋ ಆ ಪ್ಲಗ್ಗನ್ನು ಕತ್ತರಿಸಿ ದುಂಡು ಪಿನ್ನಿನದನ್ನು ಕಟ್ಟಿದಾಗ ಫ್ಯೂಸ್ ಕೂಡ ಅದರೊಂದಿಗೇ ಹೋಗಿರುತ್ತದೆ, ಮತ್ತು ಅದನ್ನು ಯಾರೂ ಗಮನಿಸಿರುವುದಿಲ್ಲ. ಆದ್ದರಿಂದ 3 ಆಂಪಿಯರ್ ಫ್ಯೂಸನ್ನು ದಾರಿಯಲ್ಲಿ ಎಲ್ಲಿಯಾದರೂ ಮತ್ತೆ ಸೇರಿಸಬೇಕು. ಹಳೆಯ ಮನೆಗಳಲ್ಲಿ ಅರ್ಥ್ ಇಲ್ಲದ ಎರಡು ಪಿನ್ನಿನ ಸಾಕೆಟ್ಟುಗಳು ಈಗಲೂ ಉಳಿದಿವೆ. ಅವುಗಳಿಗೆ ಈ ಯಂತ್ರವನ್ನು ಸಿಕ್ಕಿಸಲೇಬಾರದು. ಇದರ ಪವರ್ ಸಪ್ಲೈ ಲೋಹದ ಪೆಟ್ಟಿಗೆಯಲ್ಲಿದೆ, ಆ ಪೆಟ್ಟಿಗೆಗೆ ಸರಿಯಾದ ಅರ್ಥಿಂಗ್ ಬೇಕೇ ಬೇಕು. ನಿಮ್ಮ ಮನೆಯ ಅರ್ಥಿಂಗ್ ಹೆಸರಿಗಷ್ಟೇ ಇದೆಯೋ ನಿಜಕ್ಕೂ ಕೆಲಸ ಮಾಡುತ್ತಿದೆಯೋ ಎಂಬುದನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದ ಖಚಿತಪಡಿಸಿಕೊಳ್ಳಿ.

ಮುಚ್ಚಳ ತೆಗೆಯುವುದು ಸುಲಭ. ಹಿಂಭಾಗದಲ್ಲಿ ಎರಡು, ಅಡಿಯಲ್ಲಿ ಮುಂದುಗಡೆಗೆ ಎರಡು ಸ್ಕ್ರೂ ಇರುತ್ತವೆ; ಅವುಗಳ ಪಕ್ಕದಲ್ಲಿ ‘ಫಿಕ್ಸ್’ ಎಂದು ಬರೆದಿರುತ್ತದೆ. ಒಳಗೆ ಎದುರಿಗೆ ಕಾಣುವುದು ಕೀಬೋರ್ಡು, ಅದರ ಹಿಂದೆ ಎಡಗಡೆಗೆ ಪವರ್ ಸಪ್ಲೈನ ಪೆಟ್ಟಿಗೆ. ನಮ್ಮ ಊರಿನ ಯಂತ್ರವಾದರೆ ಇವೆರಡರ ಜೊತೆಗೆ ಇನ್ನೂ ಕೆಲವು ನಿವಾಸಿಗಳಿರುತ್ತಾರೆ: ಗಾಳಿಕಿಂಡಿಯ ಅಂಚಿನಲ್ಲಿ ಹಲ್ಲಿಯ ಮೊಟ್ಟೆಯ ಚಿಪ್ಪು, ಹಿಂಬದಿಯ ದುಂಡನೆಯ ಸಾಕೆಟ್ಟಿನಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು, ಬೋರ್ಡಿನ ಮೇಲೆ ಇರುವೆ ಸಾಲು ಬಿಟ್ಟುಹೋದ ಪುಡಿಮಣ್ಣು. ಒಣಗಿದ ಪೇಂಟ್ ಬ್ರಷ್ಷಿನಿಂದ ಇವನ್ನೆಲ್ಲ ಮೆಲ್ಲಗೆ ಗುಡಿಸಿ ತೆಗೆಯಿರಿ. ಹಲ್ಲಿಯ ಹಿಕ್ಕೆ, ಇಲಿಯ ಮೂತ್ರ ಬಿದ್ದ ಜಾಗದಲ್ಲಿ ತಾಮ್ರದ ಗೆರೆಗಳು ಹಸಿರುಗಟ್ಟಿ ತುಂಡಾಗಿರಬಹುದಾದ ಕಾರಣ ಅಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜಿ, ಬೆಳಕಿಗೆ ಹಿಡಿದು ನೋಡಬೇಕು. ಪೆಟ್ರೋಲ್, ಥಿನ್ನರ್ ಬೇಡ. ಅವು ಪ್ಲಾಸ್ಟಿಕ್ಕನ್ನು ತಿನ್ನುತ್ತವೆ.

ಇನ್ನು ಮುಖ್ಯ ವಿಷಯ. ಪವರ್ ಸಪ್ಲೈನೊಳಗೆ, ಮೇನ್ಸ್ ವಯರು ಬಂದು ಸೇರುವ ಜಾಗದಲ್ಲಿ, ವಿದ್ಯುತ್ತಿನ ಗದ್ದಲವನ್ನು ಸೋಸಲೆಂದು ಹಾಕಿದ ಎರಡು ಕೆಪಾಸಿಟರ್‌ಗಳಿವೆ. ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01 ಮೈಕ್ರೋಫ್ಯಾರಡ್. ಲೋಹದ ಲೇಪನವಿರುವ ಕಾಗದವನ್ನು ಸುತ್ತಿ ರಾಳದಲ್ಲಿ ಮುಳುಗಿಸಿ ಮಾಡಿದ ಇವು ಸಾಮಾನ್ಯವಾಗಿ ‘ರೀಫಾ’ ತಯಾರಿಕೆಯವಾಗಿದ್ದು, ಹಳದಿ ಪಾರದರ್ಶಕ ಇಟ್ಟಿಗೆಯಂತೆ ಕಾಣುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ರಾಳದ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಬಲೆಯಂತೆ ಹರಡಿರುವುದು ಗೊತ್ತಾಗುತ್ತದೆ. ವರ್ಷಗಟ್ಟಲೆ ಮಳೆಗಾಲದ ತೇವ ಆ ಬಿರುಕಿನಲ್ಲಿ ಇಳಿದು ಒಳಗಿನ ಕಾಗದ ಅದನ್ನು ಹೀರಿಕೊಂಡಿರುತ್ತದೆ. ಮೇನ್ಸ್ ಕೊಟ್ಟ ಕೂಡಲೇ ಅಥವಾ ಕೆಲವು ನಿಮಿಷ ಚೆನ್ನಾಗಿ ಓಡಿದ ಮೇಲೆ ಆ ಕಾಗದ ಸುಟ್ಟು, ಇಡೀ ಮನೆಗೆ ಹಬ್ಬುವಷ್ಟು ಕಮಟು ಹೊಗೆ ಏಳುತ್ತದೆ. ಯಂತ್ರದ ಪಾಲಿಗೆ ಇದು ಮಾರಣಾಂತಿಕವಲ್ಲ. ಸೋಸುವ ಕೆಲಸದ ಹೊರತು ಇವುಗಳಿಗೆ ಬೇರೆ ಪಾತ್ರವಿಲ್ಲದ ಕಾರಣ ಹೊಗೆ ಬಂದ ನಂತರವೂ ಗಣಕ ಓಡುತ್ತಲೇ ಇರುವುದುಂಟು. ಆದರೆ ಬೆಂಕಿಯ ಅಪಾಯವಂತೂ ಇದ್ದೇ ಇದೆ, ಹೊಗೆಯ ಜಿಡ್ಡು ಬೋರ್ಡಿನ ಮೇಲೆ ಕೂರುವುದು ಬೇರೆ. ಬಿರುಕು ಕಾಣದಿದ್ದರೂ ಎರಡನ್ನೂ ಬದಲಿಸಿಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬದಲಿಗೆ ಹಾಕುವವು ಅದೇ ಮೌಲ್ಯದ, ‘ಎಕ್ಸ್2’ ಎಂದು ಅಚ್ಚೊತ್ತಿದ, ಕನಿಷ್ಠ 275 ವೋಲ್ಟ್ ಎಸಿಯ ಸುರಕ್ಷಾ ದರ್ಜೆಯ ಕೆಪಾಸಿಟರ್‌ಗಳೇ ಆಗಿರಬೇಕು. ಫ್ಯಾನಿನ ರೆಗ್ಯುಲೇಟರಿನಿಂದಲೋ ಹಳೆಯ ಟಿವಿಯಿಂದಲೋ ಕಿತ್ತ, ನೋಡಲು ಹಾಗೆಯೇ ಇರುವ ಸಾಧಾರಣ ಕೆಪಾಸಿಟರ್ ನಡೆಯುವುದಿಲ್ಲ, ಏಕೆಂದರೆ ಸುರಕ್ಷಾ ದರ್ಜೆಯದು ಕೆಟ್ಟರೂ ಬೆಂಕಿ ಹೊತ್ತದಂತೆ ಕೆಡಲು ತಯಾರಾದದ್ದು. ಇವು ದುಬಾರಿಯೇನಲ್ಲ, ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ, ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕು. ಈ ಸಪ್ಲೈ 230 ವೋಲ್ಟ್ ಎಸಿಯನ್ನು ನೇರವಾಗಿ ಡಿಸಿಗೆ ತಿರುಗಿಸುವುದರಿಂದ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಶೇಖರವಾಗುತ್ತದೆ, ಮತ್ತು ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದು. ಆದ್ದರಿಂದ ಪ್ಲಗ್ ಕಿತ್ತು ಹತ್ತು ನಿಮಿಷ ಕಾದು, ಮಲ್ಟಿಮೀಟರಿನಲ್ಲಿ ಆ ಕೆಪಾಸಿಟರಿನ ಎರಡು ಕಾಲುಗಳ ನಡುವಿನ ವೋಲ್ಟೇಜ್ ಇಳಿದಿದೆಯೇ ಎಂದು ಅಳೆದ ನಂತರವೇ ಕೈ ಹಾಕಬೇಕು. ಇದನ್ನು ಓದಿದಾಗ ಅಳುಕು ಹುಟ್ಟಿದರೆ ಅದು ಒಳ್ಳೆಯ ಲಕ್ಷಣ. ಪೆಟ್ಟಿಗೆಯನ್ನಷ್ಟೇ ಬಿಚ್ಚಿಕೊಂಡು ಹಳೆಯ ಟಿವಿ ರಿಪೇರಿಯಲ್ಲಿ ಪಳಗಿದವರ ಹತ್ತಿರ ಹೋಗಿ. ಕಂಪ್ಯೂಟರ್ ಎಂದರೆ ಅವರು ಹಿಂಜರಿಯಬಹುದು, ಪವರ್ ಸಪ್ಲೈ ಎಂದರೆ ಅವರ ಕೈಗೆ ಒಗ್ಗಿದ ಕೆಲಸ.

ಮೊದಲ ಬಾರಿ ಕರೆಂಟ್ ಕೊಡುವಾಗ

ಬೋರ್ಡಿಗೆ ಜೋಡಿಸದೆ ಸಪ್ಲೈಯನ್ನು ಮಾತ್ರ ಪರೀಕ್ಷಿಸಿ. ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬಲ್ಬಿನ ಹಲಗೆ ಇಲ್ಲಿ ಬಹಳ ಉಪಯುಕ್ತ. 100 ವಾಟಿನ ಹಳೆಯ ಮಾದರಿಯ ತಂತಿ ಬಲ್ಬನ್ನು ಸಪ್ಲೈನೊಂದಿಗೆ ಸರಣಿಯಲ್ಲಿ ಸೇರಿಸಿದರೆ, ಒಳಗೆ ಶಾರ್ಟ್ ಇದ್ದಲ್ಲಿ ಬಲ್ಬು ಪೂರ್ತಿ ಉರಿಯುತ್ತದೆಯೇ ಹೊರತು ಬೇರೇನೂ ಸುಡುವುದಿಲ್ಲ. ಶಾರ್ಟ್ ಇಲ್ಲದಿದ್ದರೆ ಕ್ಷಣಕಾಲ ಮಿನುಗಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಪರೀಕ್ಷೆ ಸಾಧ್ಯವಿಲ್ಲ.

ಇಂಥ ಸಪ್ಲೈಗಳು ಹೊರೆ ಇಲ್ಲದೆ ಸರಿಯಾಗಿ ಕೆಲಸ ಮಾಡದೇ ಇರಬಹುದು. ಅದಕ್ಕಾಗಿ ಕಾರಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್ 21 ವಾಟಿನ ಬಲ್ಬೊಂದನ್ನು ಆಟೊಮೊಬೈಲ್ ಅಂಗಡಿಯಿಂದ ತಂದು, ಕೆಂಪು ಮತ್ತು ಕಪ್ಪು ತಂತಿಗಳ ನಡುವೆ ಸೇರಿಸಿ. ಕೆಂಪು ತಂತಿಗಳು +5 ವೋಲ್ಟಿನವು, ಕಪ್ಪು ಸೊನ್ನೆ, ನೇರಳೆ −5 ವೋಲ್ಟ್. ಬಲ್ಬು ಮಂದವಾಗಿ ಹೊತ್ತಿಕೊಂಡು, ಕೆಂಪು ತಂತಿಯಲ್ಲಿ 4.75ರಿಂದ 5.25 ವೋಲ್ಟಿನ ಒಳಗೆ ಸ್ಥಿರವಾದ ಅಳತೆ ಬಂದರೆ ಸಪ್ಲೈ ಬದುಕಿದೆ ಎಂದರ್ಥ. ಮೀಟರಿನ ಅಂಕಿ ಏರಿಳಿಯುತ್ತಿದ್ದರೆ ಅಥವಾ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಔಟ್‌ಪುಟ್ ಕಡೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಹೆಚ್ಚು. ಸೀರೀಸ್ ಬಲ್ಬು ಸೇರಿಸಿದಾಗಲೂ ಅಳತೆ ಕುಗ್ಗಬಹುದಾದ್ದರಿಂದ, ಶಾರ್ಟ್ ಇಲ್ಲವೆಂದು ತಿಳಿದ ಮೇಲೆ ಅದನ್ನು ತೆಗೆದು ಇನ್ನೊಮ್ಮೆ ಅಳೆಯಿರಿ. −5 ವೋಲ್ಟ್ ಇಲ್ಲದಿದ್ದರೆ ಗಣಕ ಓಡಬಹುದು, ಧ್ವನಿ ಮತ್ತು ಸೀರಿಯಲ್ ಸಂಪರ್ಕ ಮಾತ್ರ ಕೈಕೊಡುತ್ತವೆ.

ಬೋರ್ಡಿಗೆ ಜೋಡಿಸಿದ ಬಳಿಕ ಅಳತೆಯನ್ನು ಬೋರ್ಡಿನ ಮೇಲೆಯೇ ಮಾಡಬೇಕು. ಪ್ರೊಸೆಸರಿನ 8ನೇ ಪಿನ್ನಿಗೂ 1ನೇ ಪಿನ್ನಿಗೂ ನಡುವೆ ಮೀಟರಿನ ಕಡ್ಡಿ ಇಟ್ಟರೆ ಅಲ್ಲಿಗೆ ನಿಜವಾಗಿ ಎಷ್ಟು ವೋಲ್ಟ್ ತಲುಪುತ್ತಿದೆ ಎಂಬುದು ತಿಳಿಯುತ್ತದೆ. ಹೀಗೇಕೆಂದರೆ +5 ವೋಲ್ಟ್ ಬೋರ್ಡನ್ನು ಸೇರುವುದು ಮೂರು ಪ್ರತ್ಯೇಕ ಕೆಂಪು ತಂತಿಗಳ ಮೂಲಕ, ಒತ್ತಿ ಕೂರಿಸುವ ಚಪ್ಪಟೆ ಟರ್ಮಿನಲ್‌ಗಳಲ್ಲಿ. ಕಾಲಕ್ರಮದಲ್ಲಿ ಇವು ಸಡಿಲವಾಗಿ, ಬಿಸಿಯಾಗಿ, ಕಪ್ಪಾಗುತ್ತವೆ. ಸಪ್ಲೈ ಬಳಿ 5.05 ಇದ್ದದ್ದು ಪ್ರೊಸೆಸರ್ ಬಳಿ 4.6 ಆಗಿದ್ದರೆ ದೋಷ ಎಲ್ಲಿದೆ ಎಂದು ಹುಡುಕುವ ಅಗತ್ಯವೇ ಉಳಿಯುವುದಿಲ್ಲ: ಟರ್ಮಿನಲ್ಲನ್ನು ಕಳಚಿ, ಉಜ್ಜಿ, ಮೂತಿಯನ್ನು ಇಕ್ಕಳದಿಂದ ತುಸು ಅಮುಕಿ ಬಿಗಿ ಮಾಡಿ ಮತ್ತೆ ಕೂರಿಸಿದರೆ ಸಾಕು.

ಸದ್ದು ಕೇಳಿ ರೋಗ ಹಿಡಿಯುವುದು

ಬಿಬಿಸಿ ಮೈಕ್ರೋದ ಒಂದು ದೊಡ್ಡ ಗುಣವೆಂದರೆ ಅದು ತನ್ನ ಕಾಯಿಲೆಯನ್ನು ಕಿವಿಗೆ ಹೇಳುತ್ತದೆ. ಸ್ವಿಚ್ ಹಾಕಿದೊಡನೆ ಸೌಂಡ್ ಚಿಪ್ ತಾನಾಗಿಯೇ ದಪ್ಪ ದನಿಯಲ್ಲಿ ಮೊರೆಯಲು ತೊಡಗುತ್ತದೆ. ಅಷ್ಟರಲ್ಲಿ ಪ್ರೊಸೆಸರ್ ಎಚ್ಚೆತ್ತು, ರೋಮ್ (ಓದಲು ಮಾತ್ರ ಬರುವ ಸ್ಮೃತಿ) ಚಿಪ್ಪಿನಲ್ಲಿರುವ ಆಪರೇಟಿಂಗ್ ಸಿಸ್ಟಮ್ ಓಡತೊಡಗಿ, ಆ ಮೊರೆತವನ್ನು ನಿಲ್ಲಿಸಿ ತೆಳು ದನಿಯ ಒಂದು ಬೀಪ್ ಹೊರಡಿಸುತ್ತದೆ. ‘ಬೂ’ ಮತ್ತು ‘ಬೀಪ್’ ಎರಡೂ ಕೇಳಿಸಿ, ಕೀಬೋರ್ಡಿನ ಮೇಲೆ ಕ್ಯಾಪ್ಸ್ ಲಾಕ್ ದೀಪ ಹೊತ್ತಿದರೆ, ಪರದೆ ಪೂರ್ತಿ ಕಪ್ಪಾಗಿದ್ದರೂ ಗಣಕದ ಮಿದುಳು ಸರಿಯಾಗಿದೆ.

ಈ ಸಂದರ್ಭದಲ್ಲಿ ಅನುಮಾನ ಟಿವಿಯ ಸಂಪರ್ಕದ ಮೇಲೆ ಹೋಗಬೇಕು. ಟಿವಿಯ ಆಂಟೆನಾ ಸಾಕೆಟ್ಟಿಗೆ ಹೋಗುವ ಸಿಗ್ನಲ್ ಯುಹೆಚ್‌ಎಫ್‌ನ 36ನೇ ಚಾನೆಲ್ಲಿನಲ್ಲಿರುತ್ತದೆ. ಅದಕ್ಕೆ ಟ್ಯೂನ್ ಮಾಡುವ ಗೋಜಿಗಿಂತ ಹಿಂಬದಿಯ ‘ವಿಡಿಯೊ ಔಟ್’ ಬಳಸುವುದು ಲೇಸು. ಅದು ಬಿಎನ್‌ಸಿ ಮಾದರಿಯ ಸಾಕೆಟ್. ಸಿಸಿಟಿವಿ ಕ್ಯಾಮೆರಾ ಜೋಡಿಸುವವರ ಬಳಿ ಇದರ ಕನೆಕ್ಟರ್ ಹೇರಳವಾಗಿ ಇರುತ್ತದೆ, ಮತ್ತು ಎಲ್‌ಇಡಿ ಟಿವಿಯ ಹಳದಿ ಎವಿ ಸಾಕೆಟ್ಟಿಗೆ ಅದರಿಂದ ಸಲೀಸಾಗಿ ಜೋಡಿಸಬಹುದು. ಚಿತ್ರ ಕಪ್ಪು ಬಿಳುಪಿನಲ್ಲಿ ಬಂದರೆ ಗಾಬರಿ ಬೇಡ, ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಆ ಸಾಕೆಟ್ ಕೊಡುವುದೇ ಅಷ್ಟು. ಸಾಧಾರಣ ವಿಜಿಎ ಮಾನಿಟರ್ ಈ ಸಿಗ್ನಲ್ಲನ್ನು ಹಿಡಿಯುವುದಿಲ್ಲ.

ಸದ್ದೂ ಇಲ್ಲ, ದೀಪವೂ ಇಲ್ಲ ಎಂದರೆ ಪವರ್ ಸಪ್ಲೈಗೆ ಹಿಂತಿರುಗಿ.

ಅತಿ ಹೆಚ್ಚು ಎದುರಾಗುವುದು ಮೂರನೆಯ ಸ್ಥಿತಿ: ‘ಬೂ’ ಎಂಬ ಮೊರೆತ ನಿಲ್ಲುವುದೇ ಇಲ್ಲ. ವಿದ್ಯುತ್ ಇದೆ, ಪ್ರೊಸೆಸರ್ ಮಾತ್ರ ಆಪರೇಟಿಂಗ್ ಸಿಸ್ಟಮ್ಮನ್ನು ಓದಿ ನಡೆಸಲಾಗದೆ ನಿಂತಿದೆ ಎಂದು ಇದರ ಅರ್ಥ. ಒಮ್ಮೆ ಬ್ರೇಕ್ ಕೀ ಒತ್ತಿ ನೋಡಿ. ಒತ್ತಿದ ಮೇಲೆ ಸರಿಯಾಗಿ ಶುರುವಾದರೆ ಸ್ವಿಚ್ ಹಾಕಿದ ಕ್ಷಣದಲ್ಲಿ 5 ವೋಲ್ಟ್ ನಿಧಾನವಾಗಿ ಏರುತ್ತಿದೆ, ಇಲ್ಲವೇ ರೀಸೆಟ್ ಸರ್ಕ್ಯೂಟ್ ಸೋತಿದೆ. ಒತ್ತಿದರೂ ಬದಲಾಗದಿದ್ದರೆ ಸಾಕೆಟ್ಟುಗಳ ಕಡೆ ಗಮನ ಕೊಡಬೇಕು.

ಕೀಬೋರ್ಡಿನ ಸ್ಕ್ರೂ ಬಿಚ್ಚಿ ಅದನ್ನು ಎತ್ತಿದರೆ ಬೋರ್ಡಿನ ಬಲಗಡೆಯ ಮುಂಭಾಗದಲ್ಲಿ ಐದು ರೋಮ್ ಸಾಕೆಟ್ಟುಗಳ ಸಾಲು ಕಾಣುತ್ತದೆ. ಓದಲು ಮಾತ್ರ ಬರುವ ಸ್ಮೃತಿಯ ಚಿಪ್ಪುಗಳು ಕೂರುವ ಜಾಗ ಇದು. ಎಡತುದಿಯದು ಐಸಿ51, ಆಪರೇಟಿಂಗ್ ಸಿಸ್ಟಮ್. ಅದರ ಪಕ್ಕದ ಐಸಿ52ರಲ್ಲಿ ಸಾಮಾನ್ಯವಾಗಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇರುತ್ತದೆ. ಬಲಕ್ಕೆ ಹೋದಂತೆ ಸಾಕೆಟ್ಟುಗಳ ಆದ್ಯತೆ ಹೆಚ್ಚು, ಹಾಗಾಗಿ ಬಲತುದಿಯಲ್ಲಿ ಯಾರೋ ಹಾಕಿದ ವರ್ಡ್ ಪ್ರೊಸೆಸರ್ ಚಿಪ್ಪು ಕೆಟ್ಟಿದ್ದರೂ ಇಡೀ ಯಂತ್ರ ಅಲ್ಲೇ ತಡವರಿಸಿ ನಿಲ್ಲಬಹುದು. ಮೊದಲು ಐಸಿ51, ಐಸಿ52 ಎರಡನ್ನು ಬಿಟ್ಟು ಉಳಿದವನ್ನೆಲ್ಲ ತೆಗೆದಿಡಿ. ಯಾವುದು ಎಲ್ಲಿತ್ತು, ಮೂತಿಯ ಕಚ್ಚು ಯಾವ ಕಡೆಗಿತ್ತು ಎಂಬುದರ ಫೋಟೊ ಫೋನಿನಲ್ಲಿರಲಿ. ಆಮೇಲೆ ಉಳಿದೆರಡನ್ನೂ, 6502 ಪ್ರೊಸೆಸರನ್ನೂ (ಐಸಿ1), ಪರದೆಯ ಚಿತ್ರಕ್ಕೆ ಸಂಬಂಧಿಸಿದ ವಿಡಿಯೊ ಯುಎಲ್‌ಎ ಚಿಪ್ಪನ್ನೂ (ಐಸಿ6) ಒಂದೊಂದಾಗಿ ಹೊರತೆಗೆದು ಕಾಲುಗಳನ್ನು ಪರೀಕ್ಷಿಸಿ. ಕಿಲುಬಿನಿಂದ ಕಪ್ಪಾದ ಕಾಲುಗಳನ್ನು ಗಟ್ಟಿ ರಬ್ಬರಿನಿಂದ ಉಜ್ಜಿ, ಸಾಕೆಟ್ಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಒಣಗಿದ ಮೇಲೆ ಮತ್ತೆ ಕೂರಿಸಬೇಕು. ಚಿಪ್ಪನ್ನು ಒಂದೇ ಬದಿಯಿಂದ ಎತ್ತಿದರೆ ಇನ್ನೊಂದು ತುದಿಯ ಕಾಲುಗಳು ಬಾಗುತ್ತವೆ. ಚಪ್ಪಟೆ ಸ್ಕ್ರೂಡ್ರೈವರನ್ನು ಎರಡೂ ತುದಿಯಲ್ಲಿ ಸರದಿಯಂತೆ ಒಂದೊಂದು ಕೂದಲೆಳೆ ಎತ್ತುತ್ತಾ ಬಂದರೆ ತಾನಾಗಿ ಸಡಿಲುತ್ತದೆ. ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಕೂಡುತ್ತದಾದ್ದರಿಂದ ನೈಲಾನ್ ಬಟ್ಟೆ ಉಟ್ಟು ಕೂರಬೇಡಿ, ಅರ್ಥ್ ಆದ ಲೋಹವನ್ನು ಆಗಾಗ ಮುಟ್ಟುತ್ತಿರಿ. ಈ ಒಂದು ಸುತ್ತಿನ ಶುಚಿತ್ವದಲ್ಲೇ ಬಹಳಷ್ಟು ಯಂತ್ರಗಳು ಮಾತಾಡತೊಡಗುತ್ತವೆ. ಬೀಪ್ ಬಂದು, ಪರದೆಯ ಮೇಲೆ ‘ಲ್ಯಾಂಗ್ವೇಜ್?’ ಎಂಬ ಪ್ರಶ್ನೆ ಮೂಡಿದರೆ ಬೇಸಿಕ್ ಚಿಪ್ಪು ಮಾತ್ರ ತಾಗುತ್ತಿಲ್ಲ ಎಂದು ತಿಳಿಯಬೇಕು.

ಮೊರೆತ ಇನ್ನೂ ನಿಲ್ಲದಿದ್ದರೆ

ಈಗ ಚಿಪ್ಪುಗಳನ್ನು ಅನುಮಾನಿಸುವ ಸಮಯ ಬಂತು, ಆದರೂ ಕೊಳ್ಳುವ ಸಮಯ ಬಂದಿಲ್ಲ. ಈ ಬೋರ್ಡಿನಲ್ಲಿ 6522 ಎಂಬ ಚಿಪ್ಪು ಎರಡು ಕಡೆ ಇದೆ. ಐಸಿ3 ಇಡೀ ವ್ಯವಸ್ಥೆಗೆ, ಕೀಬೋರ್ಡಿಗೆ ಮತ್ತು ಧ್ವನಿಗೆ ಬೇಕಾದದ್ದು. ಐಸಿ69 ಪ್ರಿಂಟರ್ ಮತ್ತು ಯೂಸರ್ ಪೋರ್ಟಿಗೆ ಮಾತ್ರ. ಎರಡೂ ಸಾಕೆಟ್ಟಿನಲ್ಲಿದ್ದರೆ ಅದಲುಬದಲು ಮಾಡಿ ನೋಡಿ. ಯಂತ್ರ ಶುರುವಾದರೆ ಪೈಸೆ ಖರ್ಚಿಲ್ಲದೆ ಅಪರಾಧಿ ಸಿಕ್ಕಂತಾಯಿತು, ಪ್ರಿಂಟರ್ ಇಲ್ಲದವರು ಹಾಗೆಯೇ ಬಳಸುತ್ತಲೂ ಇರಬಹುದು.

ಪ್ರೊಸೆಸರ್ ಉಸಿರಾಡುತ್ತಿದೆಯೇ ಎಂದು ತಿಳಿಯಲು ಸಿಗ್ನಲ್ ಮೇಲಿದೆಯೋ ಕೆಳಗಿದೆಯೋ ಮಿಡಿಯುತ್ತಿದೆಯೋ ತೋರಿಸುವ ಲಾಜಿಕ್ ಪ್ರೋಬ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮಲ್ಟಿಮೀಟರೇ ಅರ್ಧ ಕೆಲಸ ಮಾಡುತ್ತದೆ, ಏಕೆಂದರೆ ವೇಗವಾಗಿ ಏರಿಳಿಯುವ ಸಿಗ್ನಲ್ಲನ್ನು ಅದು ನಡುವಿನ ಯಾವುದೋ ವೋಲ್ಟೇಜ್ ಎಂದು ತೋರಿಸುತ್ತದೆ. 37ನೇ ಪಿನ್ ಗಡಿಯಾರದ್ದು, ಅಲ್ಲಿ 2 ಮೆಗಾಹರ್ಟ್ಸ್ ಮಿಡಿತ ಇರಬೇಕು. ಮೀಟರ್ ಅಲ್ಲಿ ಸೊನ್ನೆಗೋ ಐದಕ್ಕೋ ಅಂಟಿಕೊಂಡಿದ್ದರೆ ದೋಷ 16 ಮೆಗಾಹರ್ಟ್ಸ್ ಹರಳಿನಿಂದ ಹೊರಡುವ ಸರಪಳಿಯಲ್ಲಿದೆ. 40ನೇ ಪಿನ್ ರೀಸೆಟ್‌ನದು, ಯಂತ್ರ ಓಡುವಾಗ ಅದು ಮೇಲಿರಬೇಕು. ಕೆಳಗೇ ಇದ್ದರೆ ಕೀಬೋರ್ಡಿನ ರಿಬ್ಬನ್ ಕೇಬಲ್ ಕಳಚಿ ಮತ್ತೆ ಅಳೆಯಿರಿ. ಈಗ ಮೇಲೇರಿದರೆ ಬ್ರೇಕ್ ಕೀ ಒಳಗೇ ಅಂಟಿಕೊಂಡಿದೆ. ಗಡಿಯಾರವೂ ರೀಸೆಟ್ಟೂ ಸರಿಯಿದ್ದು, 7ನೇ ಪಿನ್ನಿನಲ್ಲಿ ಯಾವ ಚಲನೆಯೂ ಇಲ್ಲದಿದ್ದರೆ ಪ್ರೊಸೆಸರ್ ಒಂದೂ ಆದೇಶವನ್ನು ಎತ್ತಿಕೊಳ್ಳುತ್ತಿಲ್ಲ. ಆಗ ಮಾತ್ರ ಬೇರೆ 6502ಎ ಹಾಕಿ ನೋಡುವುದಕ್ಕೆ ಅರ್ಥವಿದೆ.

ಇನ್ನುಳಿದದ್ದು ಬರೆದು ಅಳಿಸುವ ಸ್ಮೃತಿ. ಇಲ್ಲಿ ಹದಿನಾರು ಚಿಪ್ಪುಗಳಿವೆ. ಎಂಟು ಕೆಳಗಿನ 16 ಕಿಲೋಬೈಟಿಗೆ, ಎಂಟು ಮೇಲಿನದಕ್ಕೆ, ಪ್ರತಿ ಚಿಪ್ಪೂ ಬೈಟಿನ ಒಂದೊಂದು ಬಿಟ್ಟನ್ನು ಹಿಡಿದಿಡುತ್ತದೆ. ಪ್ರೊಸೆಸರಿನ ಲೆಕ್ಕಪತ್ರವೆಲ್ಲ ಕೆಳಗಿನ ಅರ್ಧದಲ್ಲಿರುವುದರಿಂದ ಅಲ್ಲಿ ಕೆಟ್ಟರೆ ಯಂತ್ರ ಏಳುವುದೇ ಇಲ್ಲ. ಪರದೆಯ ಸ್ಮೃತಿ ಮೇಲಿನ ಅರ್ಧದಲ್ಲಿದೆ. ಅಲ್ಲಿ ಕೆಟ್ಟರೆ ಬೀಪ್ ಬಂದರೂ ಸ್ವಾಗತದ ಸಾಲಿನ ಅಕ್ಷರಗಳು ಒಂದು ನಿಯಮಕ್ಕೆ ಬದ್ಧವಾಗಿ ತಪ್ಪುತ್ತವೆ. ಉದಾಹರಣೆಗೆ, ಅತಿ ಚಿಕ್ಕ ಬಿಟ್ಟು ಒಂದಕ್ಕೇ ಅಂಟಿಕೊಂಡಿದ್ದರೆ ‘ಬಿ’ ಇರಬೇಕಾದಲ್ಲೆಲ್ಲ ‘ಸಿ’ ಕಾಣುತ್ತದೆ. ತಪ್ಪಿನ ಈ ಮಾದರಿಯನ್ನು ಆಸ್ಕಿ (ಅಕ್ಷರಗಳಿಗೆ ಗಣಕ ಬಳಸುವ ಸಂಖ್ಯೆಗಳ) ಪಟ್ಟಿಯೊಂದಿಗೆ ತಾಳೆ ಹಾಕಿದರೆ ಯಾವ ಬಿಟ್ಟು, ಅಂದರೆ ಯಾವ ಚಿಪ್ಪು, ಎಂಬುದು ಕಾಗದದ ಮೇಲೆಯೇ ಸಿಗುತ್ತದೆ. ಅಕ್ಷರಗಳು ಸರಿಯಿದ್ದರೂ ಒಮ್ಮೆ ‘ಮೋಡ್ 0’ ಎಂದು ಟೈಪ್ ಮಾಡಿ ನೋಡುವುದು ಉತ್ತಮ. ಆ ಪರದೆ 20 ಕಿಲೋಬೈಟ್ ಬಳಸುವುದರಿಂದ, ಒಂದು ಚಿಪ್ಪು ಕೆಟ್ಟಿದ್ದರೆ ಪ್ರತಿ ಎಂಟು ಚುಕ್ಕೆಗೊಂದರಂತೆ ಉದ್ದುದ್ದ ಗೆರೆಗಳು ಕಾಣಿಸಿಕೊಳ್ಳುತ್ತವೆ. ಈ ಚಿಪ್ಪುಗಳು ಸಾಕೆಟ್ಟಿಲ್ಲದೆ ನೇರವಾಗಿ ಬೆಸುಗೆಯಾಗಿದ್ದರೆ, ಕೀಳುವಾಗ ಚಿಪ್ಪಿನ ಕಾಲುಗಳನ್ನು ಕತ್ತರಿಸಿ ಒಂದೊಂದನ್ನೇ ಬಿಡಿಸಿಕೊಳ್ಳಿ. ಚಿಪ್ಪನ್ನು ಉಳಿಸಲು ಹೋಗಿ ಬೋರ್ಡಿನ ತಾಮ್ರವನ್ನು ಎಬ್ಬಿಸುವುದು ನಷ್ಟದ ವ್ಯಾಪಾರ.

ಯಂತ್ರ ಶುರುವಾಯಿತೆಂದು ಅಂದೇ ಮುಚ್ಚಳ ಬಿಗಿಯಬೇಡಿ. ಮುಚ್ಚಳವನ್ನು ಸ್ಕ್ರೂ ಇಲ್ಲದೆ ಮೇಲೆ ಇಟ್ಟು, ಮೋಡ್ 0ಯಲ್ಲಿ ಸಂಖ್ಯೆಗಳನ್ನು ಸುಮ್ಮನೆ ಮುದ್ರಿಸುತ್ತಾ ಹೋಗುವ ಚಿಕ್ಕ ಬೇಸಿಕ್ ಪ್ರೋಗ್ರಾಮೊಂದನ್ನು ಒಂದೆರಡು ಗಂಟೆ ಓಡಲು ಬಿಡಿ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಚಿತ್ರ ಹರಿದರೆ ವಿಡಿಯೊ ಯುಎಲ್‌ಎಯ ಮೇಲೆ ಬೆರಳಿಟ್ಟು ನೋಡಿ. ಅದು ಸಹಜವಾಗಿಯೇ ಬಿಸಿಯಾಗುವ ಚಿಪ್ಪು, ಹಳೆಯ ಮಾದರಿಗಳಲ್ಲಿ ಅದರ ಮೇಲೆ ಶಾಖ ಹೊರಹಾಕುವ ಲೋಹದ ತುಂಡು ಇರುತ್ತದೆ. ಆ ತುಂಡು ಕಳಚಿಬಿದ್ದಿದ್ದರೆ ಥರ್ಮಲ್ ಅಂಟಿನಿಂದ ಮತ್ತೆ ಕೂರಿಸಿ. ಚಿತ್ರ ಚೆನ್ನಾಗಿದ್ದು ಪ್ರೋಗ್ರಾಮ್ ಮಾತ್ರ ನಿಂತುಹೋದರೆ, ಯಂತ್ರ ಬಿಸಿಯಿರುವಾಗಲೇ ಪ್ರೊಸೆಸರಿನ 8ನೇ ಪಿನ್ನಿನಲ್ಲಿ 5 ವೋಲ್ಟನ್ನು ಇನ್ನೊಮ್ಮೆ ಅಳೆಯಿರಿ. ಬೆಳಿಗ್ಗೆ ತಣ್ಣಗಿದ್ದಾಗಿನ ಅಂಕಿಗಿಂತ ಅದು ಇಳಿದಿದ್ದರೆ ಸಪ್ಲೈನ ಔಟ್‌ಪುಟ್ ಕೆಪಾಸಿಟರ್‌ಗಳನ್ನು ಬದಲಿಸುವ ಕೆಲಸವೊಂದು ಬಾಕಿ ಇದೆ.